ನ್ಯಾರೋಬಾಡಿ ಬಿಟ್ಟು ದೊಡ್ಡ ಕ್ಯಾರಿಯರ್‌ಗೆ ಹೋಗ್ಲಾ, ಇಲ್ಲೇ ಕಮಾಂಡ್‌ಗೆ ಕಾಯ್ಲಾ? ಒಳಗಿರೋರು ಹೇಳಿ

ಬಲಸೀಟು:

ಎಲ್ರಿಗೂ ನಮಸ್ಕಾರ, ತುಂಬಾ ದಿನದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಕೇಳಲೇಬೇಕಾಗಿದೆ. ನಾನು ಎ320 (ನ್ಯಾರೋಬಾಡಿ, ಅಂದ್ರೆ ಒಂದೇ ನಡುದಾರಿ ಇರೋ ವಿಮಾನ) ಫಸ್ಟ್ ಆಫೀಸರ್, ಬಲಗಡೆ ಕೂರೋ ಕೋಪೈಲಟ್, ಒಟ್ಟು 3100 ಅವರ್ಸ್, ಲೋ ಕಾಸ್ಟ್ ಕ್ಯಾರಿಯರಲ್ಲಿ (ಏರ್‌ಲೈನಲ್ಲಿ) ಐದನೇ ವರ್ಷ ನಡೀತಿದೆ, ಬಾಂಡ್ (ಅವಧಿಗೆ ಮೊದಲು ಬಿಟ್ರೆ ದುಡ್ಡು ಕಟ್ಟೋ ಕರಾರು) ಮುಗಿದು ಆರು ತಿಂಗಳಾಯ್ತು. ದಿನಕ್ಕೆ ನಾಲ್ಕು ಸೆಕ್ಟರ್, ಅಂದ್ರೆ ನಾಲ್ಕು ಹಾರಾಟ, ನಿಂತು ಹೊರಡೋಕೆ 25 ನಿಮಿಷ, ಅಷ್ಟರಲ್ಲೇ ಫ್ಯೂಯಲ್ ನೋಡು, ಲೋಡ್‌ಶೀಟ್ ನೋಡು, ವಾಕ್‌ಅರೌಂಡ್ ಮಾಡು, ಟಾಯ್ಲೆಟ್‌ಗೆ ಹೋಗೋಕೂ ಪ್ಲಾನ್ ಹಾಕ್ಬೇಕು. ಆದ್ರೂ ಬಹುತೇಕ ರಾತ್ರಿ ನನ್ನ ಹಾಸಿಗೇಲೇ ಮಲಗ್ತೀನಿ, ಅದೊಂದು ಪುಣ್ಯ. ಲಿಸ್ಟ್ ಹೀಗೇ ಓಡಿದ್ರೆ ಇನ್ನೊಂದು ಒಂದೂವರೆ ವರ್ಷಕ್ಕೆ ಕಮಾಂಡ್ ಟ್ರೈನಿಂಗ್‌ಗೆ, ಅಂದ್ರೆ ಕ್ಯಾಪ್ಟನ್ ಆಗೋಕೆ, ಹೆಸರು ಬರತ್ತೆ ಅಂತಾರೆ.

ಈಗ ಒಂದು ಫುಲ್ ಸರ್ವಿಸ್ ಕ್ಯಾರಿಯರಿಂದ ಆಫರ್ ಬಂದಿದೆ. ಎ350 ಅನ್ನೋ ದೊಡ್ಡ ವಿಮಾನ (ವೈಡ್‌ಬಾಡಿ), ಲಾಂಗ್ ಹಾಲ್ ಅಂದ್ರೆ ದೂರದ ಹಾರಾಟ, ಮತ್ತೆ ಬಲಗಡೆ ಸೀಟೇ. ಹೆಸರು ಹಾಕಲ್ಲ, ದಯವಿಟ್ಟು ಊಹಿಸೋಕೂ ಹೋಗ್ಬೇಡಿ. ಮೂರು ವರ್ಷದ ಹೊಸ ಬಾಂಡ್, ಬೇಸ್ ಬೇರೆ ದೇಶ, ಸೀನಿಯಾರಿಟಿ ಲಿಸ್ಟಲ್ಲಿ ಕಟ್ಟಕಡೆ, ಅಲ್ಲಿ ಕಮಾಂಡ್ ಬರೋಕೆ ಹತ್ತು ಹನ್ನೆರಡು ವರ್ಷ. ವಯಸ್ಸು 31. ಹೆಂಡತಿಗೂ ಕೆಲಸ ಇದೆ, ಅವಳು ಬಿಟ್ಟು ಬರ್ಬೇಕಾಗತ್ತೆ. ಸಂಬಳದ ಲೆಕ್ಕ ನಾನೇ ಹಾಕಿದೀನಿ, ಅದು ಬಿಟ್ಟು ಬೇರೆ ಏನು ನೋಡ್ಬೇಕು, ಇಂಟರ್‌ವ್ಯೂನಲ್ಲಿ ಯಾರೂ ಹೇಳದೇ ಇರೋದು ಏನಿರತ್ತೆ ಅನ್ನೋದು ನನ್ನ ಪ್ರಶ್ನೆ. ಉತ್ತರ ಕೊಡೋಕೆ ಇನ್ನು ಹನ್ನೆರಡು ದಿನ ಟೈಮ್ ಇದೆ.


ಎಡಸೀಟಿನ ಅಜ್ಜ:

ತಮ್ಮಾ, ಕೈಯಲ್ಲಿರೋ ಕಮಾಂಡ್ ಬಿಟ್ಟು ಹೋಗ್ಬೇಡ. ನನ್ನ ವಯಸ್ಸು 61, ನಾಲ್ಕು ಕ್ಯಾರಿಯರ್ ನೋಡಿದೀನಿ, ಅದ್ರಲ್ಲಿ ಎರಡು ಈಗ ಇಲ್ಲವೇ ಇಲ್ಲ. ಲಾಗ್‌ಬುಕ್ಕಲ್ಲಿ ಕೋಪೈಲಟ್ ಅವರ್ಸ್ ಎಷ್ಟೇ ಇರಲಿ, ಮಾರ್ಕೆಟ್ ಬಿದ್ದಾಗ ಬೇರೆಯವ್ರು ನೋಡೋದು ಪಿಐಸಿ ಕಾಲಮ್, ಅಂದ್ರೆ ಕ್ಯಾಪ್ಟನ್ ಆಗಿ ಹಾರಿದ ಅವರ್ಸ್, ಒಂದನ್ನೇ. ಜೆಟ್ ಮೇಲೆ ಒಂದು ಸಾವಿರ ಅವರ್ಸ್ ಕಮಾಂಡ್ ಇದ್ದೋನಿಗೆ ಎಲ್ಲೋ ಒಂದು ಕಡೆ ಬಾಗಿಲು ತೆಗೆಯತ್ತೆ, 5000 ಅವರ್ಸ್ ಬಲಗಡೆ ಕೂತೋನಿಗೆ ಆ ಗ್ಯಾರಂಟಿ ಇಲ್ಲ.

ಇನ್ನೊಂದು, ದೊಡ್ಡ ಹೆಸರು ಅಂದ್ಯಲ್ಲ. ಪ್ಯಾನ್ ಆಮ್‌ಗಿಂತ ದೊಡ್ಡ ಹೆಸರು ಇತ್ತಾ ಹೇಳು, 1991ರ ಡಿಸೆಂಬರಲ್ಲಿ ಮುಚ್ಚಿತು. ಸ್ವಿಸ್‌ಏರ್ ಅಂದ್ರೆ ಹಾರೋ ಬ್ಯಾಂಕ್ ಅಂತಿದ್ರು, 2001ರ ಅಕ್ಟೋಬರಲ್ಲಿ ಫ್ಯೂಯಲ್‌ಗೆ ದುಡ್ಡಿಲ್ದೆ ವಿಮಾನಗಳು ನಿಂತಲ್ಲೇ ನಿಂತವು. ಅಲ್ಲಿದ್ದ ಸೀನಿಯರ್ ಕ್ಯಾಪ್ಟನ್‌ಗಳ ಸೀನಿಯಾರಿಟಿ ನಂಬರ್ ಬೆಳಿಗ್ಗೆ ಏಳೋಷ್ಟ್ರಲ್ಲಿ ಬರೀ ನಂಬರ್ ಆಗೋಯ್ತು. ಡಾಕ್ಟರ್ರು ಆಸ್ಪತ್ರೆ ಬದಲಾಯಿಸಿದ್ರೆ ಡಾಕ್ಟರ್ರೇ ಆಗಿರ್ತಾರೆ, ನಾವು ಕ್ಯಾರಿಯರ್ ಬದಲಾಯಿಸಿದ್ರೆ ಮತ್ತೆ ಎಲ್‌ಕೆಜಿ. ಈ ಒಂದು ದರಿದ್ರ ಬೇರೆ ಯಾವ ಕಸುಬಲ್ಲೂ ಇಷ್ಟಿಲ್ಲ.

ಕಮಾಂಡ್ ತಗೋ, ಎರಡು ವರ್ಷ ಹಾರು, ಆಮೇಲೆ ನೋಡು.


ಜೆಟ್‌ಲ್ಯಾಗ್:

ಅಜ್ಜ ಹೇಳಿದ್ದು ಅರ್ಧ ಸರಿ. ಇನ್ನರ್ಧ ಏನಂದ್ರೆ ಸೀನಿಯಾರಿಟಿ ಮೇಲೇ ನಡೆಯೋ ಕ್ಯಾರಿಯರ್‌ಗಳಲ್ಲಿ ನಿನ್ನ ಪಿಐಸಿ ಅವರ್ಸ್ ತಗೊಂಡ್ಹೋದ್ರೂ ಕೂರಿಸೋದು ಲಿಸ್ಟಿನ ಕೊನೇಲೇ. ಅಲ್ಲಿ ಲೆಕ್ಕಕ್ಕೆ ಬರೋದು ಸೇರಿದ ತಾರೀಖು ಒಂದೇ. ಯಾವ ಬೇಸ್, ಯಾವ ಫ್ಲೀಟ್, ರಜೆ ಯಾವ ತಿಂಗಳು, ಹಬ್ಬದ ದಿನ ಮನೇಲಿರ್ತೀಯಾ ಇಲ್ವಾ, ಎಲ್ಲಾ ಆ ತಾರೀಖೇ ತೀರ್ಮಾನ ಮಾಡೋದು, ಕೆಲಸದಿಂದ ತೆಗೆಯೋ ಕಾಲ ಬಂದ್ರೂ ಕೊನೇಲಿ ಬಂದೋರೇ ಮೊದಲು ಹೊರಗೆ. ಎರಡು ವರ್ಷ ಕಾದು ಹೋದ್ರೆ ಆ ಎರಡು ವರ್ಷದಲ್ಲಿ ಸೇರಿದೋರೆಲ್ಲಾ ರಿಟೈರ್ ಆಗೋವರೆಗೂ ನಿನ್ನ ಮುಂದೆ ಇರ್ತಾರೆ. ಹಾಗಾಗಿ ಮೊದಲು ಕೇಳ್ಬೇಕಾದ್ದು ಅವರು ಡೈರೆಕ್ಟ್ ಎಂಟ್ರಿ ಕ್ಯಾಪ್ಟನ್ (ಹೊರಗಿಂದ ನೇರವಾಗಿ ಕ್ಯಾಪ್ಟನ್ ಆಗಿ ಸೇರೋರು) ತಗೋತಾರಾ ಅಂತ. ತಗೊಳ್ಳೋ ಕಂಪನಿಯಾದ್ರೆ ಅಜ್ಜ ಹೇಳ್ದಂಗೆ ಕಾಯಿ, ಇಲ್ಲ ಅಂದ್ರೆ ಕಾದಷ್ಟೂ ಲಾಸ್.

ಈಗ ಲಾಂಗ್ ಹಾಲ್ ಬಗ್ಗೆ. ನಾನು ಏಳು ವರ್ಷದಿಂದ ಇದ್ರಲ್ಲೇ ಇದೀನಿ, ವೈಡ್‌ಬಾಡಿ. ಲೇಓವರ್ (ಬೇರೆ ಊರಲ್ಲಿ ತಂಗೋದು) ಫೋಟೋ ನೋಡಿ ಮರುಳಾಗ್ಬೇಡ, ಆ ಫೋಟೋ ತೆಗೆಯೋಕೆ ಎದ್ದಿದ್ದು ಒಂದು ಗಂಟೆ, ಉಳಿದಿದ್ದು ಪರದೆ ಎಳ್ಕೊಂಡು ಹೋಟೆಲ್ ರೂಮಲ್ಲಿ ಸೀಲಿಂಗ್ ನೋಡಿದ್ದು. ನಿಯಮದ ಪ್ರಕಾರ 28 ದಿನಕ್ಕೆ 100 ಅವರ್ಸ್ ಮಿತಿ ಅಲ್ವಾ, 13 ಗಂಟೆಯ ಸೆಕ್ಟರ್ ಆದ್ರೆ ಏಳೇ ಏಳು ಹಾರಾಟಕ್ಕೆ 91 ಆಗೋಯ್ತು. ಹೊರಗಿಂದ ನೋಡಿದೋರಿಗೆ ತಿಂಗಳಿಗೆ ಮೂರೂವರೆ ಟ್ರಿಪ್, ಮಿಕ್ಕಿದ್ದೆಲ್ಲಾ ಆಫ್ ಅನ್ಸತ್ತೆ. ಆ ಆಫಲ್ಲಿ ಮೊದಲೆರಡು ದಿನ ನೀನು ಮನುಷ್ಯನೇ ಅಲ್ಲ, ರಾತ್ರಿ ಮೂರಕ್ಕೆ ಎದ್ದು ಫ್ರಿಜ್ ಬಾಗಿಲು ತೆಗೆದು ನಿಂತಿರ್ತೀಯ.

ಯಾರೂ ಹೇಳದ ವಿಷಯ ಅಂದ್ಯಲ್ಲ, ತಗೋ: ಹಾರೋದೇ ಮರೆತು ಹೋಗತ್ತೆ. ನಾಲ್ಕು ಜನ ಪೈಲಟ್ ಇರೋ ಸೆಕ್ಟರಲ್ಲಿ ಟೇಕಾಫ್ ಒಬ್ಬರಿಗೆ, ಲ್ಯಾಂಡಿಂಗ್ ಒಬ್ಬರಿಗೆ, ಮಿಕ್ಕೋರು ಬಂಕಲ್ಲೋ ಹಿಂದಿನ ಸೀಟಲ್ಲೋ. 90 ದಿನಕ್ಕೆ ಮೂರು ಟೇಕಾಫ್ ಮೂರು ಲ್ಯಾಂಡಿಂಗ್ ಇರಲೇಬೇಕಲ್ಲ, ಅದು ಲೈನಲ್ಲಿ ಸಿಗದೆ ಸಿಮ್ಯುಲೇಟರ್‌ಗೆ ಹೋಗಿ ಪೂರೈಸ್ಕೊಂಡು ಬಂದಿದೀನಿ ನಾನೇ. ನೀನೀಗ ಒಂದು ವಾರದಲ್ಲಿ ಮಾಡೋ ಲ್ಯಾಂಡಿಂಗ್ ನನಗೆ ನಾಲ್ಕೈದು ತಿಂಗಳ ಲೆಕ್ಕ. ಕ್ರಾಸ್‌ವಿಂಡ್ (ಅಡ್ಡಗಾಳಿ) ಅಂದ್ರೆ ಈಗ ಎದೆ ಒಂದು ಸಲ ಧಸಕ್ ಅನ್ನತ್ತೆ, ಮೊದಲು ಅನ್ನುತ್ತಿರ್ಲಿಲ್ಲ.

ಪ್ಲಸ್ ಇಲ್ವಾ ಅಂದ್ರೆ ಇದೆ. ವಿಮಾನ ಅದ್ಭುತ, ಯಾರೂ ಹಿಂದಿನಿಂದ ಓಡಿಸ್ಕೊಂಡು ಬರಲ್ಲ, ಕ್ಯಾಪ್ಟನ್‌ಗಳ ಹತ್ರ ಕಲಿಯೋಕೆ ಟೈಮ್ ಸಿಗತ್ತೆ, ಸಾಗರದ ಮೇಲೆ ಒಂದು ಇಂಜಿನ್ ಹೋದ್ರೆ ಎಲ್ಲಿಗೆ ತಿರುಗಿಸ್ಬೇಕು ಅಂತ ಗಂಟೆಗಟ್ಟಲೆ ಯೋಚಿಸ್ತಾ ಹಾರೋ ಕೆಲಸದ ರುಚೀನೇ ಬೇರೆ.


ಸ್ಟ್ಯಾಂಡ್‌ಬೈ ಸಂತ:

ಇಬ್ಬರೂ ಫ್ಲೀಟು, ಸೀಟು, ಲಿಸ್ಟು ಅಂತ ಹೇಳಾಕತ್ತೀರಿ. ನಾ ಒಂದು ಬ್ಯಾರೇ ಮಾತು ಹೇಳ್ತೀನ್ರಿ. ಕಂಪನಿ ಎಂಥಾದ್ದು ಅಂತ ಗೊತ್ತಾಗೂದು ನೀವು ಆಗೂದಿಲ್ಲ ಅಂದ ದಿನ. ಅಲ್ಲೀತನಕ ಎಲ್ಲಾ ಕ್ಯಾರಿಯರೂ ಛಲೋನ ಕಾಣ್ತಾವ.

ನನ್ನ ಕಥಿ ಕೇಳ್ರಿ. ಆವಾಗ 737 ಮ್ಯಾಲೆ ಹೊಸಾ ಕ್ಯಾಪ್ಟನ್ ನಾನು, ಕಮಾಂಡ್ ಬಂದು ಎಂಟು ತಿಂಗಳಾಗಿತ್ತು. ಮುಂಜಾನೆ 4:40ಕ್ಕ ರಿಪೋರ್ಟಿಂಗ್, ಅಂದ್ರ ಎದ್ದದ್ದು ಮೂರಕ್ಕ, ಅದೂ ಸತತ ನಾಲ್ಕನೇ ದಿನ. ಮೂರನೇ ಸೆಕ್ಟರಿನಾಗ ಗುಡುಗು ಸಿಡಿಲು, ಎರಡು ಸಲ ಹೋಲ್ಡ್ ಮಾಡಿ ಕಡೀಕ ಡೈವರ್ಟ್ ಆದ್ವಿ. ನೆಲಕ್ಕ ಇಳದು ಫ್ಯೂಯಲ್ ಹಾಕಿಸಿ ಕುಂತಾಗ ಲೆಕ್ಕ ನೋಡಿದ್ರ ಡ್ಯೂಟಿ ಟೈಮ್ ಮುಗಿಯಾಕ ಬಂದದ. ಕ್ರೂ ಕಂಟ್ರೋಲಿನಿಂದ ಫೋನ್ ಬಂತು, ಕ್ಯಾಪ್ಟನ್ ಡಿಸ್ಕ್ರೆಷನ್ ತಗೊಂಡ್ಬಿಡ್ರಿ, ಎಲ್ಲಾರೂ ತಗೋತಾರ ಅಂತ. ಈ ಡಿಸ್ಕ್ರೆಷನ್ ಅನ್ನೂದು ಏನಂದ್ರ, ಎದುರು ನೋಡದ ಅಡಚಣಿ ಬಂದಾಗ ಡ್ಯೂಟಿ ಲಂಬಿಸಾಕ ಕ್ಯಾಪ್ಟನ್‌ಗ ಇರೋ ಅಧಿಕಾರ. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ನಿಯಮದಾಗ ಇಬ್ಬರು ಪೈಲಟ್ ಇದ್ರ 2 ತಾಸಿನ ತನಕ, ಒಂದು ತಾಸು ಮೀರಿದ್ರ ರಿಪೋರ್ಟು ಪ್ರಾಧಿಕಾರದ ತನಕ ಹೋಗಬೇಕು. ಅಧಿಕಾರ ಕ್ಯಾಪ್ಟನ್ನಿಂದು, ಕಂಪನಿಯವರದಲ್ಲ. ಆದ್ರ ಫೋನಿನಾಗ ಆ ಹುಡುಗ ಕೇಳಿದ್ದು ಮಾತ್ರ ಸಹಿ ಹಾಕಿ ಕೊಡ್ರಿ ಅನ್ನೂ ಧಾಟಿಯೊಳಗ.

ನನ್ನ ಫಸ್ಟ್ ಆಫೀಸರ್ ಕಡೆ ನೋಡಿದೆ, ಆ ಹುಡುಗಿ ಕಣ್ಣು ಕೆಂಡದ ಹಂಗ ಕೆಂಪಾಗಿದ್ವು, ಚೆಕ್‌ಲಿಸ್ಟ್ ಓದಬೇಕಾದ್ರ ಒಂದು ಸಾಲು ಮೂರು ಸಲ ಓದಿದ್ಲು. ನಾನೂ ಅದನ್ನ ಮೂರನೇ ಸಲ ಕೇಳಿಸ್ಕೊಂಡಾಗ ಗಮನಿಸಿದೆ, ಅಂದ್ರ ನನ್ನ ತಲೀನೂ ಅಲ್ಲಿ ಇರಲಿಲ್ಲ. ಆಗೂದಿಲ್ಲ ಅಂದೆ. ನೂರಾ ಎಪ್ಪತ್ತಕ್ಕೂ ಹೆಚ್ಚು ಪ್ಯಾಸೆಂಜರ್ ಆ ಊರಾಗ ರಾತ್ರಿ ಕಳೀಬೇಕಾಯ್ತು, ಬೈಸ್ಕೊಂಡಿದ್ದು ಎಷ್ಟಂತೀರಿ, ಇಳಿಯೋ ಮುಂದ ಒಬ್ಬಾಕಿ ಮುದುಕಿ ಮಾತ್ರ ನಿದ್ದಿ ಮಾಡಪ್ಪಾ ಅಂದು ಹೋದ್ಲು.

ಆಮ್ಯಾಲೆ ಏನಾತು ಕೇಳ್ರಿ. ಶಿಕ್ಷಾ ಇಲ್ಲ, ಪತ್ರ ಇಲ್ಲ. ಮುಂದಿನ ವಾರ ಚೀಫ್ ಪೈಲಟ್ ಸುಮ್ನ ಮಾತಾಡೋಣ ಬಾ ಅಂದ್ರು. ಬಾಗಿಲು ಹಾಕ್ಕೊಂಡು ಅರ್ಧ ತಾಸು ನನ್ನ ಕರಿಯರ್ ಬಗ್ಗೆ ಭಾಳ ಕಾಳಜಿ ತೋರಿಸಿದ್ರು. ಮುಂದಿನ ತಿಂಗಳ ರೋಸ್ಟರ್ ನೋಡಿದ್ರ ಹನ್ನೊಂದು ಅರ್ಲಿ (ನಸುಕಿನ ಡ್ಯೂಟಿ), ಆರು ಸ್ಟ್ಯಾಂಡ್‌ಬೈ (ಕರದ್ರ ಹೋಗೂ ಡ್ಯೂಟಿ). ಅದರ ಮುಂದಿನ ತಿಂಗಳೂ ಹಂಗ. ಸಾಫ್ಟ್‌ವೇರ್ ಮಾಡೂದು, ನಮ್ಮ ಕೈಯಾಗ ಇಲ್ಲ ಅಂದ್ರು. ನನ್ನ ಹೆಸರಿಗೆ ಸಂತ ಅಂತ ಸೇರಿದ್ದು ಆವಾಗಿನಿಂದನ.

ಈಗ ಇರೋ ಕ್ಯಾರಿಯರಿಗೆ ಕಡಿಮಿ ಪಗಾರಕ್ಕ ಬಂದೆ. ಇಲ್ಲೂ ಒಮ್ಮೆ ಆಗೂದಿಲ್ಲ ಅಂದೆ. ಡ್ಯೂಟಿ ಮ್ಯಾನೇಜರ್ ಕೇಳಿದ್ದು ಎರಡೇ ಪ್ರಶ್ನಿ, ಹೋಟೆಲ್ ಬೇಕೇನು, ಫಟೀಗ್ ರಿಪೋರ್ಟ್ (ದಣಿವಿನ ವರದಿ) ಇವತ್ತ ತುಂಬ್ತೀರೋ ನಾಳೆ ತುಂಬ್ತೀರೋ ಅಂತ. ಮೂರು ತಿಂಗಳ ಮ್ಯಾಲೆ ಉತ್ತರ ಬಂತು, ಆ ಪೇರಿಂಗ್ (ಒಟ್ಟಿಗೆ ಜೋಡಿಸಿದ ಹಾರಾಟಗಳ ಸರಣಿ) ಬಗ್ಗೆ ಇನ್ನೂ ಎಂಟು ರಿಪೋರ್ಟ್ ಬಂದಿದ್ವು, ಮಧ್ಯ ಒಂದು ರಾತ್ರಿ ವಿಶ್ರಾಂತಿ ಸೇರಿಸೇವಿ ಅಂತ. ಆ ಇಮೇಲ್ ಇನ್ನೂ ತಗದಿಲ್ಲ ನಾ.

ಹಂಗಾಗಿ ಬಲಸೀಟು, ರಿಕ್ರೂಟರ್‌ಗ ಕೇಳಬ್ಯಾಡ್ರಿ. ಆ ಕ್ಯಾರಿಯರಿನಾಗ ಎರಡು ವರ್ಷ ಆದೋನು ಯಾವನಾರ ಹಿಡೀರಿ, ಇಲ್ಲಿ ಕೊನೇ ಸಲ ಫಟೀಗ್ ಕಾಲ್ ಮಾಡಿದವನಿಗೆ, ಅಂದ್ರ ದಣಿವಾಗೇದ, ಹಾರಾಕ ಆಗೂದಿಲ್ಲ ಅಂದವನಿಗೆ, ಏನಾತು ಅಂತ ಕೇಳ್ರಿ. ಅವನು ಉತ್ತರ ಕೊಡೂ ಮೊದಲು ಎಷ್ಟು ಹೊತ್ತು ಸುಮ್ನಿದ್ದ ಅನ್ನೂದನ್ನೂ ಲೆಕ್ಕಕ್ಕ ತಗೋರಿ.


ಬ್ಲಾಕ್ ಟು ಬ್ಲಾಕ್:

ಸಂಬಳದ ಲೆಕ್ಕ ಹಾಕಿದೀನಿ ಅಂದ್ರಲ್ಲ, ನಿಜವಾಗ್ಲೂ ಹಾಕಿದೀರಾ? ಎಲ್ರೂ ನೋಡೋದು ಆಫರ್ ಲೆಟರಿನ ಕೆಳಗಿರೋ ದೊಡ್ಡ ನಂಬರ್. ಅದ್ರಲ್ಲಿ ಫಿಕ್ಸೆಡ್ ಎಷ್ಟು, ಹಾರಿದ್ರೆ ಮಾತ್ರ ಬರೋದು ಎಷ್ಟು, ಗ್ಯಾರಂಟಿ ಅವರ್ಸ್ ಇದೆಯಾ, ಅದನ್ನ ಕಂಪನಿ ಒನ್‌ಸೈಡಾಗಿ ಇಳಿಸಬಹುದಾ ಅಂತ ಓದಿ. 2020ರಲ್ಲಿ ವಿಮಾನ ನಿಂತಾಗ ಎರಡು ಸಂಬಳ ಒಂದೇ ಥರ ಕಾಣ್ತಿದ್ದ ಇಬ್ಬರು ಫ್ರೆಂಡ್ಸಲ್ಲಿ ಒಬ್ಬ ಹೇಗೋ ಉಸಿರಾಡ್ದ, ಇನ್ನೊಬ್ಬ ಮೂರನೇ ತಿಂಗಳಿಗೆ ಕಾರ್ ಮಾರಿದ. ವ್ಯತ್ಯಾಸ ಇದ್ದಿದ್ದು ಫಿಕ್ಸೆಡ್ ಭಾಗದಲ್ಲಿ ಅಷ್ಟೇ.

ಇನ್ನೊಂದು, ಗಂಟೆ ಲೆಕ್ಕದ ಪೇ ಅಂದ್ರೆ ಸಾಮಾನ್ಯವಾಗಿ ಬ್ಲಾಕ್ ಅವರ್ಸ್, ಅಂದ್ರೆ ಚಾಕ್ಸ್ ತೆಗೆದಾಗಿಂದ ಹಾಕೋವರೆಗೆ. ಗೇಟಲ್ಲಿ ಮೂರು ಗಂಟೆ ಡಿಲೇ ಆಗಿ ಪ್ಯಾಸೆಂಜರ್ ಬೈಗುಳ ತಿಂದಿದ್ದು ಧರ್ಮಾರ್ಥ. ಡೆಡ್‌ಹೆಡ್ ಮಾಡಿಸಿ, ಅಂದ್ರೆ ಪ್ಯಾಸೆಂಜರ್ ಥರ ಕೂರಿಸಿ, ಬೇರೆ ಊರಿಗೆ ಸಾಗಿಸ್ತಾರಲ್ಲ, ಅದು ಡ್ಯೂಟಿ ಹೌದು, ಫ್ಲೈಟ್ ಟೈಮ್ ಅಲ್ಲ, ಅದಕ್ಕೆ ಪೂರ್ತಿ ಕೊಡ್ತಾರಾ ಅರ್ಧನಾ ಸೊನ್ನೆನಾ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಬಾಂಡಲ್ಲೂ ಅಷ್ಟೇ, ತಿಂಗಳು ತಿಂಗಳು ಕರಗೋ ಬಾಂಡಾ, ಅಥವಾ 35ನೇ ತಿಂಗಳು ಬಿಟ್ರೂ ಪೂರ್ತಿ ಕಟ್ಟೋದಾ ನೋಡಿ. ಮೆಡಿಕಲ್ ಫಿಟ್‌ನೆಸ್ ಹೋದ್ರೂ ಕಟ್ಟಬೇಕು ಅಂತ ಬರೆದಿರೋ ಬಾಂಡ್ ನಾನು ಕಣ್ಣಾರೆ ನೋಡಿದೀನಿ.


ಅಮ್ಮ ಕ್ಯಾಪ್ಟನ್:

ಮೆಡಿಕಲ್ ವಿಷಯ ಬಂತಲ್ಲ, ಅದಕ್ಕೇ ಬರೀತಿದೀನಿ. ನಮ್ಮ ಕೆಲಸದಷ್ಟು ದೇಹಕ್ಕೆ ತಗಲಾಕ್ಕೊಂಡಿರೋ ಕೆಲಸ ಇನ್ನೊಂದಿಲ್ಲ, ವರ್ಷಕ್ಕೊಂದು ಸಲ ಕ್ಲಾಸ್ 1 ಮೆಡಿಕಲ್, 60 ದಾಟಿದ್ರೆ ಆರು ತಿಂಗಳಿಗೊಂದು ಸಲ, ಜೊತೆಗೆ ವರ್ಷಕ್ಕೆ ಎರಡು ಸಿಮ್ (ಸಿಮ್ಯುಲೇಟರ್) ಚೆಕ್. ಅಂದ್ರೆ ಕೆಲಸ ಉಳಿಯುತ್ತಾ ಇಲ್ವಾ ಅಂತ ವರ್ಷಕ್ಕೆ ಕಮ್ಮಿ ಅಂದ್ರೂ ಮೂರು ಪರೀಕ್ಷೆ, ರಿಟೈರ್ ಆಗೋವರೆಗೂ. ಯಾವ ಕ್ಯಾರಿಯರೂ ಇದನ್ನ ಬದಲಾಯಿಸೋಕಾಗಲ್ಲ, ಆದ್ರೆ ಫೇಲ್ ಆದ ದಿನ ಏನ್ಮಾಡ್ತಾರೆ ಅನ್ನೋದು ಕ್ಯಾರಿಯರ್ ಕೈಯಲ್ಲೇ ಇದೆ. ಎಷ್ಟು ತಿಂಗಳು ಸಂಬಳ, ಲಾಸ್ ಆಫ್ ಲೈಸೆನ್ಸ್ ಇನ್ಶೂರೆನ್ಸ್ ಕಂಪನಿ ಕಟ್ಟತ್ತಾ ನಾವೇ ಕಟ್ಕೋಬೇಕಾ, ನೆಲದ ಮೇಲಿನ ಕೆಲಸ ಕೊಡ್ತಾರಾ.

ನನ್ನದು ಫೇಲ್ ಅಲ್ಲ, ಬಸುರಿ ಆದೆ ಅಷ್ಟೇ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ ನಿಯಮದಲ್ಲಿ ತೊಂದರೆ ಇಲ್ಲದ ಬಸಿರು ಅಂತ ವೈದ್ಯರು ಹೇಳಿದ್ರೆ 12ನೇ ವಾರ ಮುಗಿದ ಮೇಲಿಂದ 26ನೇ ವಾರ ಮುಗಿಯೋವರೆಗೆ ಹಾರಬಹುದು ಅಂತಿದೆ, ಮಿಕ್ಕ ಕಾಲ ಅನ್‌ಫಿಟ್. ನನ್ನ ಕಂಪನಿ ಗೊತ್ತಾದ ದಿನವೇ ಗ್ರೌಂಡ್ ಮಾಡ್ತು, ಹಾರೋಕೆ ಅವಕಾಶ ಇದ್ದ ವಾರಗಳಲ್ಲೂ. ಸಂಬಳದಲ್ಲಿ ಫ್ಲೈಯಿಂಗ್ ಭಾಗ ಪೂರ್ತಿ ಹೋಯ್ತು. ವಾಪಸ್ ಬಂದಾಗ ರೀಸೆನ್ಸಿ (ಆ 90 ದಿನದ ಟೇಕಾಫ್ ಲ್ಯಾಂಡಿಂಗ್ ಲೆಕ್ಕ) ಹೋಗಿತ್ತು, ಸಿಮ್ ಸ್ಲಾಟ್‌ಗೆ ಎರಡೂವರೆ ತಿಂಗಳು ಕಾಯಿಸಿದ್ರು, ಅಷ್ಟರಲ್ಲಿ ನನ್ನ ಬ್ಯಾಚಿನ ಮೂವರು ಕಮಾಂಡ್ ಮುಗಿಸ್ಕೊಂಡ್ರು. ಆದ್ರೆ ಸೀನಿಯಾರಿಟಿ ನಂಬರ್ ಮಾತ್ರ ಮುಟ್ಟಿರ್ಲಿಲ್ಲ, ಅದು ಕಾಗದದಲ್ಲಿ ಬರೆದಿತ್ತು, ಹಾಗಾಗಿ ನಾಲ್ಕನೆಯವಳಾಗಿ ನಾನೇ ಹೋದೆ. ಕಾಗದದಲ್ಲಿ ಇದ್ದಿದ್ದು ಸಿಕ್ತು, ಬಾಯಲ್ಲಿ ಹೇಳಿದ್ದು ಸಿಗಲಿಲ್ಲ.

ನಿಮ್ಮ ಹೆಂಡತಿ ಕೆಲಸ ಬಿಡಬೇಕಾಗತ್ತೆ ಅಂತ ಒಂದೇ ಸಾಲಲ್ಲಿ ಬರೆದು ಮುಂದೆ ಹೋಗ್ಬಿಟ್ರಿ. ಅವ್ರನ್ನ ಈ ಥ್ರೆಡ್ ಓದೋಕೆ ಹೇಳಿ.


ರಾತ್ರಿಗೂಬೆ:

ಕಾರ್ಗೋದಿಂದ ಎರಡು ಮಾತು, ನಮ್ಮನ್ನ ಯಾರೂ ಕೇಳಲ್ಲ ಅಂತ ನಾನೇ ಬಂದೆ ಮಾರಾಯ್ರೆ. ಬಾಕ್ಸ್‌ಗಳು ಕಂಪ್ಲೇಂಟ್ ಮಾಡೋದಿಲ್ಲ, ಊಟ ತಣ್ಣಗಿದೆ ಅಂತ ಹೇಳೋದಿಲ್ಲ, ಟರ್ಬ್ಯುಲೆನ್ಸಲ್ಲಿ ಕಿರುಚೋದಿಲ್ಲ. 2020ರಲ್ಲಿ ನಿಮ್ಮೋರೆಲ್ಲಾ ಮನೇಲಿ ಕೂತಿದ್ದಾಗ ನಮ್ಮ ಗಾಲಿ ನಿಂತದ್ದೇ ಇಲ್ಲ. ಹಾಗಾಗಿ ಕ್ಯಾರಿಯರ್ ಅಂದ್ರೆ ಪ್ಯಾಸೆಂಜರ್ ಕ್ಯಾರಿಯರ್ ಒಂದೇ ಅಂತ ಯಾಕೆ ಅಂದ್ಕೊಳ್ತೀರಿ ಗೊತ್ತಾಗೋದಿಲ್ಲ.

ಆದ್ರೆ ರಾತ್ರಿ ಉಂಟಲ್ಲ, ಅದು ರಾತ್ರಿಯೇ. 2 ಗಂಟೆಯಿಂದ 6ರ ತನಕ ದೇಹ ಕೆಳಗೆ ಬೀಳೋ ಹೊತ್ತು, ನಮ್ಮ ಇಳಿಯೋ ಹೊತ್ತೂ ಅದೇ. ಅಮೆರಿಕದಲ್ಲಿ 2014ರ ಜನವರೀಲಿ ಹೊಸ ಡ್ಯೂಟಿ ನಿಯಮ, ಪಾರ್ಟ್ 117, ಜಾರಿಗೆ ಬಂದಾಗ ಕಾರ್ಗೋವನ್ನ ಹೊರಗಿಟ್ರು. ಅದರ ಐದು ತಿಂಗಳ ಹಿಂದೆ, 2013ರ ಆಗಸ್ಟ್ 14ರ ಬೆಳಗಿನ ಜಾವ, ಯುಪಿಎಸ್ 1354 ಅನ್ನೋ ಕಾರ್ಗೋ ವಿಮಾನ ಅಲಬಾಮಾದ ಬರ್ಮಿಂಗ್‌ಹ್ಯಾಮ್ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಿದ್ದು ಇಬ್ಬರು ಪೈಲಟ್‌ಗಳೂ ಹೋಗಿದ್ರು. ಹೊರಡೋ ಮೊದಲು ಅವರಿಬ್ಬರೂ ಮಾತಾಡಿದ್ದು ಇದೇ ವಿಶ್ರಾಂತಿ ನಿಯಮದ ಬಗ್ಗೆ, ವಾಯ್ಸ್ ರೆಕಾರ್ಡರಲ್ಲಿ ಉಂಟು. ಅದನ್ನ ಓದಿದ ದಿನ ನನಗೆ ಡ್ಯೂಟಿ ಇತ್ತು. ಹೋದೆ, ಏನು ಮಾಡೋದು.

ಸಂತರ ಮಾತಿಗೆ ನನ್ನ ಓಟು.


ಎಡಸೀಟಿನ ಅಜ್ಜ:

ಸಂತ, ನಿನ್ನ ಕಥೆ ಓದಿದೆ, ನೀನು ಮಾಡಿದ್ದು ಸರಿ. ಆದ್ರೆ ಒಂದು ಮಾತು ಹೇಳಲೇಬೇಕು, ಈಗೀಗ ಎಲ್ಲದಕ್ಕೂ ಫಟೀಗ್ ಅನ್ನೋದು ಜಾಸ್ತಿ ಆಗಿದೆ. ಶನಿವಾರ ಸಂಜೆ ಸುಸ್ತಾಗೋ ಹುಡುಗರು ಸೋಮವಾರ ಫ್ರೆಶ್ ಆಗಿರ್ತಾರೆ. ಒಬ್ಬ ಫೋನ್ ಮಾಡಿ ಮಲಗಿದ್ರೆ ಸ್ಟ್ಯಾಂಡ್‌ಬೈಲಿರೋ ಇನ್ನೊಬ್ಬ ಎದ್ದು ಬರ್ಬೇಕು. ನಮ್ಮ ಕಾಲದಲ್ಲಿ ಕಾಫಿ ಕುಡಿದು ಹೊರಡ್ತಿದ್ವಿ, ಕಂಪನಿ ನಡೀಬೇಕಲ್ಲಪ್ಪ.


ಜೆಟ್‌ಲ್ಯಾಗ್:

ಅಜ್ಜ, ನಿಮ್ಮ ಕಾಲದಲ್ಲಿ ಹೊರಟೋರಲ್ಲಿ ವಾಪಸ್ ಬಂದೋರು ಮಾತ್ರ ಈ ಮಾತು ಹೇಳೋಕೆ ಉಳ್ಕೊಂಡಿದಾರೆ, ಬೇಜಾರಾಗ್ಬೇಡಿ. 17 ಗಂಟೆ ಎದ್ದಿದ್ದ ಮನುಷ್ಯನ ಕೈಕಣ್ಣು ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇರೋನ ಥರ ಕೆಲಸ ಮಾಡತ್ತೆ ಅಂತ 1997ರಲ್ಲೇ ತೋರಿಸಿದಾರೆ. ಕುಡಿದು ಬಂದ್ರೆ ಲೈಸೆನ್ಸ್ ಹೋಗತ್ತೆ, ನಿದ್ದೆಗೆಟ್ಟು ಬಂದ್ರೆ ಟೀಮ್ ಪ್ಲೇಯರ್ ಅಂತಾರೆ. ನಾಸಾದೋರು ಲಾಂಗ್ ಹಾಲ್ ಕಾಕ್‌ಪಿಟ್ಟಲ್ಲೇ ಪೈಲಟ್‌ಗಳಿಗೆ ಸರದಿ ಮೇಲೆ 40 ನಿಮಿಷ ಮಲಗೋಕೆ ಬಿಟ್ಟು ನೋಡಿದ್ರು, ಸರಾಸರಿ 26 ನಿಮಿಷ ಮಲಗಿದೋರು ಕೊನೇ ಒಂದೂವರೆ ಗಂಟೇಲಿ ಮಲಗದೇ ಇದ್ದೋರಿಗಿಂತ ಎಷ್ಟೋ ಚುರುಕಾಗಿದ್ರು. ಇವತ್ತಿಗೂ ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ ಅದನ್ನ ಒಪ್ಪಿಲ್ಲ, ಬೇರೆ ಎಷ್ಟೋ ಕಡೆ ಮ್ಯಾನ್ಯುಯಲಲ್ಲೇ ಇದೆ.

2009ರ ಕೋಲ್ಗನ್ 3407 ವಿಮಾನ ಅಪಘಾತ ನೆನಪಿದೆಯಲ್ಲ, ಅಮೆರಿಕದ ಬಫಲೋ ಹತ್ರ, 50 ಜನ ಹೋದ್ರು. ಫಸ್ಟ್ ಆಫೀಸರ್ ಹಿಂದಿನ ರಾತ್ರಿಯೆಲ್ಲಾ ದೇಶದ ಆ ತುದಿಯಿಂದ ಈ ತುದಿಗೆ ಬೇರೆ ವಿಮಾನಗಳಲ್ಲಿ ಪ್ರಯಾಣ ಮಾಡಿ ಡ್ಯೂಟಿಗೆ ಬಂದಿದ್ಲು. ಆಮೇಲೆ ಅಲ್ಲಿ ಬಂದ 1500 ಅವರ್ಸ್ ಹಾರಿರಬೇಕು ಅನ್ನೋ ನಿಯಮದ ಬಗ್ಗೆ ಎಲ್ರೂ ಮಾತಾಡ್ತಾರೆ, ಬೇಸಲ್ಲಿ ಮನೆ ಮಾಡೋಕಾಗದ ಸಂಬಳದ ಬಗ್ಗೆ ಅಷ್ಟು ಮಾತಾಡಲ್ಲ. ಬಲಸೀಟು, ಬೇಸ್ ಬೇರೆ ದೇಶ ಅಂದ್ಯಲ್ಲ, ಮನೆ ಶಿಫ್ಟ್ ಮಾಡ್ತೀಯಾ ಅಥವಾ ಪ್ರತಿ ಡ್ಯೂಟಿಗೂ ಕಮ್ಯೂಟ್ ಮಾಡ್ತೀಯಾ? ಕಮ್ಯೂಟ್ ಮಾಡೋದಾದ್ರೆ ಆಫ್ ಡೇ ಲೆಕ್ಕದಿಂದ ಟ್ರಿಪ್ಪಿಗೆ ಎರಡು ದಿನ ಕಳಿ, ಆಮೇಲೆ ಈಗಿರೋ ರೋಸ್ಟರ್ ಜೊತೆ ಹೋಲಿಸು.


ಎಡಸೀಟಿನ ಅಜ್ಜ:

ಸರಿ, ಕಾಫಿ ಮಾತು ವಾಪಸ್ ತಗೊಂಡೆ. ಒಂದು ಸಲ ಫೈನಲ್ ಅಪ್ರೋಚಲ್ಲಿ ನಾನೂ ನನ್ನ ಕೋಪೈಲಟ್ಟೂ ಲ್ಯಾಂಡಿಂಗ್ ಕ್ಲಿಯರೆನ್ಸ್ ಬಂತಾ ಇಲ್ವಾ ಅಂತ ಒಬ್ಬರಿಗೊಬ್ಬರು ಕೇಳ್ಕೊಂಡ್ವಿ, ಇಬ್ರಿಗೂ ನೆನಪಿರ್ಲಿಲ್ಲ. ಟವರ್‌ಗೆ ಕೇಳಿದ್ರೆ ಎರಡು ಸಲ ಕೊಟ್ಟಿದೀನಿ ಅಂದ. ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ.

ಕಮಾಂಡ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಲ್ಲ.


ಬಲಸೀಟು:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹತ್ತು ದಿನದಲ್ಲಿ ಏನಾಯ್ತು ಅಂತ ಹೇಳ್ತೀನಿ.

ಮೊದಲು ಬಾಂಡ್ ಓದಿದೆ, ಬ್ಲಾಕ್ ಟು ಬ್ಲಾಕ್ ಅವರು ಹೇಳಿದ್ದು ನೋಡಿ ಹುಡುಕಿದ್ರೆ ನನ್ನದೂ ಕರಗದ ಬಾಂಡೇ, ಕೊನೇ ದಿನದವರೆಗೂ ಪೂರ್ತಿ ಮೊತ್ತ. ಮೆಡಿಕಲ್ ಬಗ್ಗೆ ಒಂದಕ್ಷರ ಇಲ್ಲ. ಡೈರೆಕ್ಟ್ ಎಂಟ್ರಿ ಕ್ಯಾಪ್ಟನ್ ತಗೋತಾರಾ ಅಂತ ಎಚ್‌ಆರ್‌ಗೆ ಕೇಳಿದೆ, ಪಾಲಿಸಿಯಲ್ಲಿ ಇಲ್ಲ, ಆದ್ರೆ ಫ್ಲೀಟ್ ಬೇಗ ಬೆಳೆದಾಗ ಹಿಂದೆ ತಗೊಂಡಿದೀವಿ ಅಂದ್ರು. ಅಂದ್ರೆ ಬೆಳೆದ್ರೆ ನನ್ನ ತಲೆ ಮೇಲೆ ಹೊರಗಿನೋರು ಬಂದು ಕೂರಬಹುದು, ಬೆಳೀದಿದ್ರೆ ನಾನೇ ಹನ್ನೆರಡು ವರ್ಷ ಕೂರ್ಬೇಕು. ಇದನ್ನ ಜೋರಾಗಿ ಓದಿ ಹೇಳಿದಾಗ ಹೆಂಡತಿ ನಕ್ಕಳು. ಅವಳು ಥ್ರೆಡ್ ಪೂರ್ತಿ ಓದಿದಾಳೆ, ಅಮ್ಮ ಕ್ಯಾಪ್ಟನ್‌ಗೆ ವಿಶೇಷ ನಮಸ್ಕಾರ ಹೇಳೋಕೆ ಹೇಳಿದಾಳೆ.

ಆಮೇಲೆ ಸಂತ ಹೇಳ್ದಂಗೆ ಅಲ್ಲೇ ಎರಡು ವರ್ಷದಿಂದ ಇರೋ ಒಬ್ಬರನ್ನ ಫ್ರೆಂಡ್ ಫ್ರೆಂಡ್ ಮೂಲಕ ಹಿಡಿದೆ. ಫಟೀಗ್ ಕಾಲ್ ಪ್ರಶ್ನೆ ಕೇಳಿದೆ. ಅವ್ರು ಒಂದು ಸೆಕೆಂಡೂ ಸುಮ್ಮನಿರಲಿಲ್ಲ, ತಕ್ಷಣ ಹೇಳಿದ್ರು, ನಮ್ಮಲ್ಲಿ ಯಾರೂ ಫಟೀಗ್ ಕಾಲ್ ಮಾಡಲ್ಲ, ಎಲ್ರೂ ಸಿಕ್ ಕಾಲ್ ಮಾಡ್ತೀವಿ, ಅದೇ ಸೇಫು ಅಂತ. ತುಂಬಾ ಸಹಜವಾಗಿ ಹೇಳಿದ್ರು, ವಾಲೆಟ್ ಪಾರ್ಕಿಂಗ್ ಎಲ್ಲಿದೆ ಅಂತ ಹೇಳೋ ಥರ.

ಅದೇ ಪ್ರಶ್ನೆ ನನಗೆ ನಾನೇ ಕೇಳ್ಕೊಂಡೆ, ನಮ್ಮ ಕಂಪನೀಲಿ ಏನಾಗತ್ತೆ ಅಂತ. ಐದು ವರ್ಷದಲ್ಲಿ ನಾನು ಒಂದು ಸಲವೂ ಫಟೀಗ್ ರಿಪೋರ್ಟ್ ತುಂಬಿಲ್ಲ, ತುಂಬಬೇಕಿದ್ದ ದಿನ ಕಮ್ಮಿ ಅಂದ್ರೂ ಆರು ನೆನಪಿವೆ. ಹಾಗಾಗಿ ನನ್ನ ಕಂಪನಿ ಎಂಥದ್ದು ಅಂತ ನನಗೇ ಗೊತ್ತಿಲ್ಲ. ಕಳೆದ ಶುಕ್ರವಾರ ಮೂರು ಅರ್ಲಿ ಆದ್ಮೇಲೆ ಒಂದು ತುಂಬಿದೆ, ಡ್ಯೂಟಿ ಬಿಡಲಿಲ್ಲ, ಆ ಪೇರಿಂಗ್ ಬಗ್ಗೆ ರಿಪೋರ್ಟ್ ಮಾತ್ರ. ಇನ್ನೂ ಉತ್ತರ ಬಂದಿಲ್ಲ.

ಆಫರ್‌ಗೆ ಬಾಂಡ್ ಷರತ್ತು ಬದಲಾಯಿಸಿದ್ರೆ ಮಾತಾಡೋಣ ಅಂತ ಮೇಲ್ ಹಾಕಿದೀನಿ. ಬಹುಶಃ ಒಪ್ಪಲ್ಲ.


ಸ್ಟ್ಯಾಂಡ್‌ಬೈ ಸಂತ:

ಸಿಕ್ ಕಾಲ್ ಮಾಡ್ತೀವಿ ಅಂದ್ರಲ್ಲ, ಅಲ್ಲೇ ಎಲ್ಲಾ ಮುಗೀತ್ರಿ. ಎಲ್ಲಾರೂ ಸಿಕ್ ಅಂದ್ರ ಆ ಪೇರಿಂಗ್ ಕೆಟ್ಟದು ಅಂತ ಕಂಪನಿಗೆ ಎಂದೂ ಗೊತ್ತಾಗೂದಿಲ್ಲ, ಹುಡುಗರಿಗೆ ಜಡ್ಡು ಜಾಸ್ತಿ ಆಗ್ಯದ ಅಂತಷ್ಟ ಗೊತ್ತಾಗ್ತದ.

ನಿಮ್ಮ ರಿಪೋರ್ಟಿನ ರೆಫರೆನ್ಸ್ ನಂಬರ್ ಬರಕೊಂಡು ಇಟ್ಕೋರಿ, ಮೂರು ವಾರ ಆದ್ಮ್ಯಾಲೆ ಕೇಳ್ರಿ.


ಬಲಸೀಟು:

ಬರ್ಕೊಂಡಿದೀನಿ. ಮುಂದಿನ ತಿಂಗಳ ರೋಸ್ಟರ್ 25ಕ್ಕೆ ಪಬ್ಲಿಷ್ ಆಗತ್ತೆ, ಅದು ನೋಡಿ ಇಲ್ಲೇ ಹಾಕ್ತೀನಿ.